ಹಾಸನದ ಮನೆ, ಆಲ್ದೂರಿನ ತೋಟ: ಎರಡು ರೂಟರ್‌ಗಳ ನಡುವೆ ವಿಪಿಎನ್ ಕಟ್ಟುವುದು ಹೇಗೆ?

ಪೇಟೆಯಲ್ಲೊಂದು ಮನೆ, ತೋಟದಲ್ಲೊಂದು ಮನೆ ಇರುವವರು ಹಾಸನ, ಚಿಕ್ಕಮಗಳೂರು ಕಡೆ ಬೇಕಾದಷ್ಟು ಜನ. ಅವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಎರಡೂ ಕಡೆ ಫೈಬರ್ ಬಂದಿದೆ, ತೋಟದಲ್ಲಿ ಕ್ಯಾಮೆರಾ ಹಾಕಿಸಿದ್ದೇವೆ. ಕಣದಲ್ಲಿ ಹರಡಿದ ಕಾಫಿ ಹಾಸನದ ಮನೆಯಿಂದಲೇ ಕಾಣಬೇಕು. ಮನೆಯ ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲು ತೋಟದ ಲ್ಯಾಪ್‌ಟಾಪ್‌ನಲ್ಲಿ ತೆರೆಯಬೇಕು. ಏನು ಮಾಡಬೇಕು?"

ಎರಡು ಮನೆಯ ರೂಟರ್‌ಗಳ ನಡುವೆ ಇಂಟರ್ನೆಟ್ ಒಳಗೇ ಒಂದು ಬೀಗ ಹಾಕಿದ ಸುರಂಗ ಕಟ್ಟಬೇಕು. ವಿಪಿಎನ್ ಎಂದರೆ ಅದೇ. ಜಾಹೀರಾತಿನಲ್ಲಿ ಕಾಣುವ, ತಿಂಗಳಿಗಿಷ್ಟು ಎಂದು ದುಡ್ಡು ಕೊಟ್ಟು ಬೇರೆ ದೇಶದವರಂತೆ ಕಾಣಿಸಿಕೊಳ್ಳುವ ವಿಪಿಎನ್ ಬೇರೆ; ಅದರಿಂದ ಈ ಕೆಲಸ ಆಗುವುದಿಲ್ಲ. ಇಲ್ಲಿ ಎರಡೂ ತುದಿ ನಿಮ್ಮವೇ. ಒಮ್ಮೆ ಕಟ್ಟಿದರೆ ಮನೆಯ ಫೋನಿಗೋ ಟಿವಿಗೋ ಯಾವ ಆಪ್ ಕೂಡ ಹಾಕಬೇಕಿಲ್ಲ. ಬೇಲೂರು ದಾರಿಯ ಅಷ್ಟೂ ದೂರ ಮಧ್ಯದಲ್ಲಿ ಇದೆ ಎಂಬುದೇ ಅವುಗಳಿಗೆ ಗೊತ್ತಾಗುವುದಿಲ್ಲ.

ಕ್ಯಾಮೆರಾ ಹಾಕಲು ಬಂದವರು "ಪೋರ್ಟ್ ಫಾರ್ವರ್ಡ್ ಮಾಡಿಬಿಡೋಣ ಸಾರ್, ಐದು ನಿಮಿಷದ ಕೆಲಸ" ಎನ್ನಬಹುದು. ಹೊರಗಿನಿಂದ ಬಂದದ್ದನ್ನು ರೂಟರ್ ನೇರವಾಗಿ ಒಳಗಿನ ಒಂದು ಉಪಕರಣಕ್ಕೆ ದಾಟಿಸುವುದೇ ಪೋರ್ಟ್ ಫಾರ್ವರ್ಡ್. ಒಪ್ಪಬೇಡಿ. ಹಾಗೆ ಮಾಡಿದರೆ ಎನ್‌ವಿಆರ್, ಅಂದರೆ ಕ್ಯಾಮೆರಾಗಳ ದೃಶ್ಯ ಕೂಡಿಡುವ ಪೆಟ್ಟಿಗೆ, ಇಡೀ ಜಗತ್ತಿಗೆ ಬಾಗಿಲು ತೆರೆದು ಕೂರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹರಡಿದ್ದು ಹೀಗೆ ಬೀದಿಗೆ ಬಿದ್ದಿದ್ದ ಕ್ಯಾಮೆರಾ, ಡಿವಿಆರ್‌ಗಳ ಮೂಲಕವೇ. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟವರ ಪೆಟ್ಟಿಗೆಗಳೇ ಅದಕ್ಕೆ ಸಿಕ್ಕಿದ್ದು.

ಇಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಬಳಸಿದ್ದೇವೆ. 2020ರಿಂದ ಅದು ಲಿನಕ್ಸ್ ಕರ್ನಲ್ (ಬಹಳಷ್ಟು ರೂಟರ್‌ಗಳನ್ನು ಓಡಿಸುವ ತಂತ್ರಾಂಶದ ತಿರುಳು) ಒಳಗೇ ಇದೆ, ಸಣ್ಣ ರೂಟರಿನಲ್ಲೂ ವೇಗವಾಗಿ ಓಡುತ್ತದೆ, ತುಂಬಬೇಕಾದ ಸೆಟ್ಟಿಂಗ್ ಹತ್ತನ್ನು ಮೀರುವುದಿಲ್ಲ. ಓಪನ್‌ವಿಪಿಎನ್ ಕೂಡ ಒಳ್ಳೆಯದೇ, ಆದರೆ ಮನೆ ರೂಟರಿನ ಪ್ರೊಸೆಸರ್‌ಗೆ ಭಾರ. ಹಳೆಯ ರೂಟರ್‌ಗಳ ಮೆನುವಿನಲ್ಲಿ ಪಿಪಿಟಿಪಿ ಎಂಬುದೊಂದು ಕಾಣುತ್ತದೆ. ಅದರ ಬೀಗ ಮುರಿದು ವರ್ಷಗಳೇ ಆದವು, ಮುಟ್ಟಬೇಡಿ.

ಏನೇನು ಬೇಕು

ಎರಡೂ ಕಡೆ ವೈರ್‌ಗಾರ್ಡ್ ಬಲ್ಲ ರೂಟರ್ ಬೇಕು. ಫೈಬರ್ ಹಾಕಿದವರು ಕೊಟ್ಟ ಪೆಟ್ಟಿಗೆಯಲ್ಲಿ, ಅಂದರೆ ಒಎನ್‌ಟಿಯಲ್ಲಿ, ಇದು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಹಾಗೇ ಬಿಟ್ಟು, ಅದರ ಲ್ಯಾನ್ (ಮನೆಯೊಳಗಿನ ಕಡೆಯ) ಪೋರ್ಟಿಗೆ ನಿಮ್ಮ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಕಡೆಯ) ಪೋರ್ಟ್ ಜೋಡಿಸಬೇಕು. ಜಿಎಲ್ ಐನೆಟ್ ರೂಟರ್‌ಗಳಲ್ಲಿ ವೈರ್‌ಗಾರ್ಡ್ ಮೊದಲೇ ಇರುತ್ತದೆ. ಮೈಕ್ರೋಟಿಕ್ ಆದರೆ ರೂಟರ್ ಓಎಸ್ 7 ಅಥವಾ ಅದಕ್ಕಿಂತ ಹೊಸದು ಇರಬೇಕು. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳುವುದಾದರೆ ರೂಟರಿನಲ್ಲಿ ಕನಿಷ್ಠ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇರಲಿ. ಕೆಳಗಿನ ಹಂತಗಳನ್ನು ಓಪನ್‌ಡಬ್ಲ್ಯುಆರ್‌ಟಿ ಮೆನು ನೋಡಿ ಬರೆದಿದೆ. ಬೇರೆಯವುಗಳಲ್ಲಿ ಖಾನೆಗಳ ಹೆಸರು ಸ್ವಲ್ಪ ಬದಲಾಗಬಹುದು, ತುಂಬುವ ಸಂಖ್ಯೆಗಳು ಅವೇ.

ಹಂತ 1: ಯಾವ ಮನೆಗೆ ಹೊರಗಿನಿಂದ ಕರೆ ಬರುತ್ತದೆ?

ಈ ಕೆಲಸದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ, ಅದೂ ಎಲ್ಲ ಮುಗಿಸಿ ಎರಡು ದಿನ ತಲೆ ಕೆರೆದುಕೊಂಡ ಮೇಲೆ. ಮೊದಲೇ ನೋಡಿಬಿಡಿ.

ಇಂಟರ್ನೆಟ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಐಪಿ ವಿಳಾಸ ಇರುತ್ತದೆ. (ತೋಟದವರಿಗೆ ಐಪಿ ಎಂದ ಕೂಡಲೇ ನೀರೆತ್ತುವ ಐಪಿ ಸೆಟ್ ನೆನಪಾಗುತ್ತದೆ, ಇದು ಅದಲ್ಲ.) ಐಪಿವಿ4 ಎಂಬ ಹಳೆಯ ಬಗೆಯ ವಿಳಾಸಗಳು ಸಾಲದೆ ಬಂದದ್ದರಿಂದ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಅಂಥ ಮನೆಯಿಂದ ಹೊರಗೆ ಕರೆ ಮಾಡಬಹುದು, ಹೊರಗಿನಿಂದ ಒಳಗೆ ಕರೆ ಬರುವುದಿಲ್ಲ. ಸುರಂಗಕ್ಕೆ ಒಂದು ತುದಿಗಾದರೂ ಕರೆ ಬರಲೇಬೇಕು.

ಪರೀಕ್ಷೆ ಸುಲಭ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಬರೆದುಕೊಳ್ಳಿ. ಅದೇ ವೈಫೈನಲ್ಲಿ ಬ್ರೌಸರ್ ತೆರೆದು "ನನ್ನ ಐಪಿ ಯಾವುದು" ಎಂದು ಹುಡುಕಿ. ಎರಡೂ ಒಂದೇ ಆದರೆ ನಿಮಗೆ ಸಾರ್ವಜನಿಕ ವಿಳಾಸ ಇದೆ. ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದು ಸಿಜಿನ್ಯಾಟ್. 10ರಿಂದ ಶುರುವಾದರೂ ಬಹುತೇಕ ಅದೇ ಕಥೆ. 192.168 ಎಂದಿದ್ದರೆ ನಿಮ್ಮ ರೂಟರಿನ ಮುಂದೆ ಒಎನ್‌ಟಿ ಕೂತಿದೆ ಎಂದರ್ಥ. ಆಗ ಒಎನ್‌ಟಿಯ ಪುಟ ತೆರೆದು ಅದರ ವ್ಯಾನ್ ಐಪಿ ನೋಡಬೇಕು.

ಒಂದು ಮನೆಗಾದರೂ ಸಾರ್ವಜನಿಕ ವಿಳಾಸ ಇದ್ದರೆ ಸಾಕು, ಇನ್ನೊಂದು ಕಡೆ 4ಜಿ ಸಿಮ್ ಇದ್ದರೂ ನಡೆಯುತ್ತದೆ. ಎರಡೂ ಕಡೆ ಇಲ್ಲದಿದ್ದರೆ ದಾರಿಗಳು ಹೀಗೆ:

ಒಂದು, ಯಾವುದಾದರೂ ಒಂದು ಕಡೆ ಸ್ಟಾಟಿಕ್ ಐಪಿ (ಬದಲಾಗದ ಸಾರ್ವಜನಿಕ ವಿಳಾಸ) ಕೊಡಿ ಎಂದು ಕಂಪನಿಯನ್ನು ಕೇಳುವುದು. ಹೆಚ್ಚುವರಿ ಶುಲ್ಕ ಇರುತ್ತದೆ, ತಲೆನೋವು ಮಾತ್ರ ಅಲ್ಲಿಗೇ ಮುಗಿಯುತ್ತದೆ. ದುಡ್ಡು ಕೊಡಲು ಸಾಧ್ಯವಿದ್ದರೆ ಬೇರೆ ದಾರಿ ನೋಡಬೇಡಿ.

ಎರಡು, ಐಪಿವಿ6, ಅಂದರೆ ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಬಗೆಯ ಐಪಿ. ಎರಡೂ ಮನೆಗಳಲ್ಲಿ ಅದು ಇರಬೇಕು, ಒಂದರಲ್ಲಿ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಪೋರ್ಟ್ ಫಾರ್ವರ್ಡ್ ಬೇಡ, ಆದರೆ ಒಎನ್‌ಟಿಯ ಐಪಿವಿ6 ಫೈರ್‌ವಾಲ್ ಒಳಬರುವುದನ್ನು ತಡೆಯುತ್ತಿರುತ್ತದೆ. ಅದರಲ್ಲಿ ಯುಡಿಪಿ 51820 ತೆರೆಯಬೇಕು (ಯುಡಿಪಿ ಎಂಬುದು ಸಂದೇಶ ಕಳಿಸುವ ಒಂದು ಬಗೆ, 51820 ವೈರ್‌ಗಾರ್ಡ್ ಕಿವಿಗೊಡುವ ಪೋರ್ಟ್, ಅಂದರೆ ಬಾಗಿಲಿನ ಸಂಖ್ಯೆ).

ಮೂರು, ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ವಿಪಿಎಸ್, ಅಂದರೆ ಬಾಡಿಗೆ ಸರ್ವರ್, ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್‌ನಲ್ಲಿ ಹಿಡಿದು ಎರಡೂ ರೂಟರ್ ಅದಕ್ಕೇ ಕರೆ ಮಾಡುವಂತೆ ಮಾಡುವುದು. ಸರ್ವರ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ರೂಟರಿನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವುದು) ಆನ್ ಮಾಡಲು ಮರೆಯಬೇಡಿ. ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ಟೇಲ್‌ಸ್ಕೇಲ್ ಇದೆ. ಒಳಗೆ ಅದೂ ವೈರ್‌ಗಾರ್ಡೇ, ಸಿಜಿನ್ಯಾಟ್ ದಾಟುವ ಉಪಾಯ ಅದಕ್ಕೆ ಗೊತ್ತು. ಆದರೆ ಸುರಂಗದ ಲೆಕ್ಕಪತ್ರ ಅವರ ಸರ್ವರ್‌ನಲ್ಲಿ ಇರುತ್ತದೆ.

ಮುಂದಿನ ಹಂತಗಳಲ್ಲಿ ಹಾಸನದ ಮನೆಗೆ ಸಾರ್ವಜನಿಕ ವಿಳಾಸ ಇದೆ, ತೋಟದ ರೂಟರ್ ಅಲ್ಲಿಗೆ ಕರೆ ಮಾಡುತ್ತದೆ ಎಂದುಕೊಳ್ಳೋಣ.

ಹಂತ 2: ಎರಡು ಮನೆಗೆ ಎರಡು ಬೇರೆ ಸಂಖ್ಯೆ

ಅಂಗಡಿಯಿಂದ ಬಂದ ರೂಟರ್‌ಗಳಲ್ಲಿ ಹೆಚ್ಚಿನವು ಮನೆಯೊಳಗೆ 192.168.1 ಅಥವಾ 192.168.0 ಎಂಬ ಸಾಲನ್ನೇ ಹಂಚುತ್ತವೆ. ಎರಡೂ ಮನೆಯಲ್ಲಿ ಒಂದೇ ಸಾಲು ಇದ್ದರೆ ಹಾಸನದ ಲ್ಯಾಪ್‌ಟಾಪ್ 192.168.1.20 ಎಂಬ ಎನ್‌ವಿಆರ್ ಅನ್ನು ಹಾಸನದ ಮನೆಯೊಳಗೇ ಹುಡುಕುತ್ತದೆ, ಸುರಂಗದ ಕಡೆ ತಿರುಗಿಯೂ ನೋಡುವುದಿಲ್ಲ. ಇದಕ್ಕೆ ಅಡ್ಡದಾರಿ ಹುಡುಕಬೇಡಿ, ಸಾಲು ಬದಲಿಸಿ.

ನೆನಪಿಗೆ ಸುಲಭವಾಗಲಿ ಎಂದು ಗಾಡಿಯ ನಂಬರ್ ಪ್ಲೇಟನ್ನೇ ಹಿಡಿಯೋಣ. ಹಾಸನ ಕೆಎ 13, ಆಲ್ದೂರು ಇರುವ ಚಿಕ್ಕಮಗಳೂರು ಕೆಎ 18.

ಹಾಸನದ ಮನೆ: 192.168.13.0/24, ರೂಟರ್ 192.168.13.1
ತೋಟದ ಮನೆ: 192.168.18.0/24, ರೂಟರ್ 192.168.18.1
ಸುರಂಗದೊಳಗೆ: 10.13.18.0/24, ಹಾಸನದ ತುದಿ 10.13.18.1, ತೋಟದ ತುದಿ 10.13.18.2

/24 ಎಂದರೆ ಮೊದಲ ಮೂರು ಸಂಖ್ಯೆ ಮನೆಯ ಗುರುತು, ಕೊನೆಯದು ಉಪಕರಣದ ಗುರುತು. ಮುಂದೆ ಬರುವ /32 ಎಂದರೆ ಅದೊಂದೇ ವಿಳಾಸ. ಸಕಲೇಶಪುರದಲ್ಲಿ ಮೂರನೆಯ ಮನೆ ಸೇರಿದರೆ 46 ಕಾದಿದೆ.

ಗಮನಿಸಿ: ಎನ್‌ವಿಆರ್‌ಗೆ ಕೈಯಿಂದ ತುಂಬಿದ ಸ್ಥಿರ ವಿಳಾಸ ಇರುತ್ತದೆ. ರೂಟರಿನ ಸಾಲು ಮೊದಲು ಬದಲಿಸಿದರೆ ಎನ್‌ವಿಆರ್ ಹಳೆಯ ಸಾಲಿನಲ್ಲೇ ಅನಾಥವಾಗಿ ಉಳಿಯುತ್ತದೆ. ಮೊದಲು ಎನ್‌ವಿಆರ್‌ನ ಮೆನುಗೆ ಹೋಗಿ ವಿಳಾಸವನ್ನು 192.168.18.20, ಗೇಟ್‌ವೇಯನ್ನು 192.168.18.1 ಮಾಡಿ, ಆಮೇಲೆ ರೂಟರ್ ಮುಟ್ಟಿ. ಗೇಟ್‌ವೇ ಎಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು. ಎಷ್ಟೋ ಕಡೆ ಕ್ಯಾಮೆರಾ ಹಾಕಿದವರು ಈ ಖಾನೆ ಖಾಲಿ ಬಿಟ್ಟಿರುತ್ತಾರೆ; ತೋಟದಲ್ಲೇ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸುರಂಗ ಕಟ್ಟಿದ ಮೇಲೆ ಹಾಸನದ ಪ್ರಶ್ನೆ ಎನ್‌ವಿಆರ್‌ಗೆ ತಲುಪುತ್ತದೆ, ಉತ್ತರ ಯಾವ ಬಾಗಿಲಿಂದ ಕಳಿಸಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ.

ಹಂತ 3: ಕೀಲಿಗಳು

ಓಪನ್‌ಡಬ್ಲ್ಯುಆರ್‌ಟಿಯ ಸಾಫ್ಟ್‌ವೇರ್ ಪುಟದಲ್ಲಿ ವೈರ್‌ಗಾರ್ಡ್ ಎಂದು ಹುಡುಕಿ, ಲೂಸಿ ಪ್ರೋಟೊ ವೈರ್‌ಗಾರ್ಡ್ ಎಂಬ ಪ್ಯಾಕೇಜ್ ಹಾಕಿ, ರೂಟರ್ ಒಮ್ಮೆ ರೀಬೂಟ್ ಮಾಡಿ. ನೆಟ್‌ವರ್ಕ್ ಮೆನುವಿನ ಇಂಟರ್‌ಫೇಸಸ್ ಪುಟದಲ್ಲಿ ಹೊಸ ಇಂಟರ್‌ಫೇಸ್ ಸೇರಿಸಿ, ಪ್ರೋಟೊಕಾಲ್ ವೈರ್‌ಗಾರ್ಡ್ ಎಂದು ಆರಿಸಿ, ಕೀಲಿ ಹುಟ್ಟಿಸುವ ಗುಂಡಿ ಒತ್ತಿ.

ಪ್ರತಿ ರೂಟರಿಗೂ ಒಂದು ಜೋಡಿ ಕೀಲಿ ಹುಟ್ಟುತ್ತದೆ: ಪ್ರೈವೇಟ್ ಕೀ ಹುಟ್ಟಿದ ರೂಟರಿನಲ್ಲೇ ಇರಬೇಕು, ಪಬ್ಲಿಕ್ ಕೀ ಎದುರಿನ ರೂಟರಿಗೆ ಕೊಡಬೇಕು. ಪಬ್ಲಿಕ್ ಕೀಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ತೊಂದರೆಯಿಲ್ಲ. ಪ್ರೈವೇಟ್ ಕೀಯನ್ನು ಯಾರಾದರೂ "ಸೆಟ್ ಮಾಡಿ ಕೊಡ್ತೀವಿ, ಕಳಿಸಿ" ಎಂದರೆ ಕಳಿಸಬೇಡಿ. ಕೀಲಿಯಲ್ಲಿ ಸರಿಯಾಗಿ 44 ಅಕ್ಷರ, ಕೊನೆಯದು ಸಮ ಚಿಹ್ನೆ (=). ಫೋನಿನಲ್ಲಿ ಕಾಪಿ ಮಾಡುವಾಗ ಬಿಟ್ಟುಹೋಗುವುದು ಆ ಕೊನೆಯ ಚಿಹ್ನೆಯೇ. ಎಣಿಸಿ ನೋಡಿ.

ಹಂತ 4: ಎರಡು ತುದಿಗೆ ತುಂಬುವುದು

ಹಾಸನದ ರೂಟರಿನಲ್ಲಿ:
ಐಪಿ ವಿಳಾಸ 10.13.18.1/24
ಲಿಸನ್ ಪೋರ್ಟ್ 51820
ಪಿಯರ್ ಸೇರಿಸಿ (ಪಿಯರ್ ಎಂದರೆ ಎದುರಿನ ತುದಿ), ಅದರಲ್ಲಿ ತೋಟದ ಪಬ್ಲಿಕ್ ಕೀ
ಅಲೌಡ್ ಐಪಿಸ್: 10.13.18.2/32 ಮತ್ತು 192.168.18.0/24
ಎಂಡ್‌ಪಾಯಿಂಟ್ ಖಾಲಿ ಇರಲಿ

ತೋಟದ ರೂಟರಿನಲ್ಲಿ:
ಐಪಿ ವಿಳಾಸ 10.13.18.2/24
ಪಿಯರ್‌ನಲ್ಲಿ ಹಾಸನದ ಪಬ್ಲಿಕ್ ಕೀ
ಅಲೌಡ್ ಐಪಿಸ್: 10.13.18.1/32 ಮತ್ತು 192.168.13.0/24
ಎಂಡ್‌ಪಾಯಿಂಟ್: ಹಾಸನದ ಸಾರ್ವಜನಿಕ ವಿಳಾಸ ಅಥವಾ ಹೆಸರು, ಪೋರ್ಟ್ 51820
ಪರ್ಸಿಸ್ಟೆಂಟ್ ಕೀಪ್‌ಅಲೈವ್: 25

ಎರಡೂ ಕಡೆ "ರೂಟ್ ಅಲೌಡ್ ಐಪಿಸ್" ಎಂಬ ಚೌಕಕ್ಕೆ ಗುರುತು ಹಾಕಿ. ಅದು ಇಲ್ಲದಿದ್ದರೆ ಸುರಂಗ ಎದ್ದು ನಿಲ್ಲುತ್ತದೆ, ಅದರೊಳಗೆ ಯಾರೂ ಹೋಗುವುದಿಲ್ಲ.

ಅಲೌಡ್ ಐಪಿಸ್ ಎಂಬ ಖಾನೆಯ ಅರ್ಥ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. "ಎದುರು ತುದಿಯ ಹಿಂದೆ ಯಾವ ಯಾವ ವಿಳಾಸ ಇವೆ" ಎಂದು ಅದು ಕೇಳುತ್ತಿದೆ. ಆದ್ದರಿಂದ ಇಲ್ಲಿ ಬರೆಯಬೇಕಾದ್ದು ಯಾವಾಗಲೂ ಎದುರು ಮನೆಯ ಸಾಲು, ನಿಮ್ಮ ಮನೆಯದಲ್ಲ. ಯೂಟ್ಯೂಬ್ ನೋಡಿ 0.0.0.0/0 ಎಂದು ಹಾಕುವವರಿದ್ದಾರೆ. ಹಾಗೆ ಹಾಕಿದರೆ ತೋಟದ ಇಡೀ ಇಂಟರ್ನೆಟ್ ಹಾಸನ ಸುತ್ತಿ ಬರುತ್ತದೆ; ಹಾಸನದಲ್ಲಿ ಕರೆಂಟ್ ಹೋದರೆ ತೋಟದಲ್ಲಿ ವಾಟ್ಸ್‌ಆ್ಯಪ್ ಕೂಡ ನಿಲ್ಲುತ್ತದೆ.

ಕೀಪ್‌ಅಲೈವ್ ಎಂದರೆ 25 ಸೆಕೆಂಡಿಗೊಮ್ಮೆ ತೋಟದ ಕಡೆಯಿಂದ "ಇದ್ದೀನಿ" ಎಂದು ಕೂಗುವುದು. ಕೂಗದಿದ್ದರೆ ಮಧ್ಯದ ನ್ಯಾಟ್ (ಒಂದೇ ಹೊರವಿಳಾಸ ಹಂಚುವ) ಪೆಟ್ಟಿಗೆಗಳು ದಾರಿ ಮುಚ್ಚಿಬಿಡುತ್ತವೆ, ಹಾಸನದಿಂದ ತೋಟಕ್ಕೆ ಮಾತಾಡಲು ಆಗುವುದಿಲ್ಲ. ಇದಕ್ಕೆ ಡೇಟಾ ಖರ್ಚಾಗುತ್ತದೆಯೇ ಎಂದು ಕೇಳುವವರು ಬಹಳ. ಒಂದು ಕೂಗು 60 ಬೈಟ್, ದಿನಕ್ಕೆ 3,456 ಕೂಗು, ಸುಮಾರು 200 ಕೆಬಿ. ಚಿಂತೆ ಬೇಡ. ಚಿಂತೆ ಮಾಡಬೇಕಾದ್ದು ವಿಡಿಯೊ ಬಗ್ಗೆ: 2 ಎಂಬಿಪಿಎಸ್‌ನ ಒಂದು ಕ್ಯಾಮೆರಾವನ್ನು ಹಗಲೂ ರಾತ್ರಿ ತೆರೆದಿಟ್ಟರೆ ದಿನಕ್ಕೆ 21 ಜಿಬಿ ಮೀರುತ್ತದೆ. ತೋಟದಲ್ಲಿ ಇರುವುದು 4ಜಿ ಸಿಮ್ ಆದರೆ ಎನ್‌ವಿಆರ್‌ನಲ್ಲಿ ಸಬ್‌ಸ್ಟ್ರೀಮ್, ಅಂದರೆ ಕಡಿಮೆ ಗುಣಮಟ್ಟದ ಎರಡನೇ ದೃಶ್ಯ, ಆರಿಸಿ ನೋಡಿ.

ಹಂತ 5: ಫೈರ್‌ವಾಲ್

ಹಾಸನದಲ್ಲಿ ವ್ಯಾನ್ ಕಡೆಯಿಂದ ಯುಡಿಪಿ 51820 ಒಳಗೆ ಬಿಡುವ ಒಂದು ಟ್ರಾಫಿಕ್ ರೂಲ್ ಬೇಕು. ಮುಂದೆ ಒಎನ್‌ಟಿ ಇದ್ದರೆ ಅದರಲ್ಲೂ ಯುಡಿಪಿ 51820 ನಿಮ್ಮ ರೂಟರಿನ ವಿಳಾಸಕ್ಕೆ ಫಾರ್ವರ್ಡ್ ಆಗಬೇಕು. ಒಎನ್‌ಟಿಯ ಮೆನುವಿನಲ್ಲಿ ಟಿಸಿಪಿ ಎಂಬ ಇನ್ನೊಂದು ಬಗೆ ಮೊದಲೇ ಆರಿಸಿರಬಹುದು, ಯುಡಿಪಿಗೆ ಬದಲಿಸಿ. ಇಲ್ಲಿ ಪೋರ್ಟ್ ತೆರೆಯುವುದು ಎನ್‌ವಿಆರ್‌ಗೆ ತೆರೆದಂತಲ್ಲ: ಸರಿಯಾದ ಕೀಲಿ ಇಲ್ಲದವರು ಬಾಗಿಲು ತಟ್ಟಿದರೆ ವೈರ್‌ಗಾರ್ಡ್ "ಯಾರು" ಎಂದೂ ಕೇಳುವುದಿಲ್ಲ. ಅದೇ ಕಾರಣಕ್ಕೆ "ಪೋರ್ಟ್ ಓಪನ್ ಇದೆಯೇ" ಎಂದು ಹೇಳುವ ಜಾಲತಾಣಗಳು ಎಲ್ಲ ಸರಿಯಿದ್ದರೂ ಮುಚ್ಚಿದೆ ಎಂದೇ ತೋರಿಸುತ್ತವೆ. ಅವನ್ನು ನಂಬಿ ಸೆಟ್ಟಿಂಗ್ ಕೆಡಿಸಿಕೊಳ್ಳಬೇಡಿ.

ವೈರ್‌ಗಾರ್ಡ್ ಇಂಟರ್‌ಫೇಸ್ ಅನ್ನು ಯಾವ ಫೈರ್‌ವಾಲ್ ವಲಯಕ್ಕೆ ಸೇರಿಸಬೇಕು? ಎರಡೂ ಮನೆಯಲ್ಲಿ ಮನೆಯವರೇ ಇದ್ದರೆ ಲ್ಯಾನ್ ವಲಯಕ್ಕೇ ಸೇರಿಸಿ, ಕೆಲಸ ಮುಗಿಯಿತು. ಕುಯ್ಲಿನ ಕಾಲದಲ್ಲಿ ತೋಟದ ವೈಫೈ ಪಾಸ್‌ವರ್ಡ್ ಹತ್ತು ಜನರ ಬಾಯಲ್ಲಿದ್ದರೆ ಹಾಗೆ ಮಾಡಬೇಡಿ. ವಿಪಿಎನ್ ಎಂಬ ಬೇರೆ ವಲಯ ಮಾಡಿ, ಹಾಸನದಿಂದ ತೋಟಕ್ಕೆ ಮಾತ್ರ ದಾರಿ ಬಿಡಿ (ಆಗ ಮನೆಯ ಹಾರ್ಡ್ ಡಿಸ್ಕ್ ತೋಟದಿಂದ ತೆರೆಯುವುದಿಲ್ಲ). ಈ ವಲಯದಲ್ಲಿ ಮಾಸ್ಕರೇಡಿಂಗ್ (ಕಳಿಸಿದವರ ವಿಳಾಸ ಅಳಿಸಿ ರೂಟರಿನದು ಹಾಕುವುದು) ಗುರುತು ಬೇಡ.

ಹಂತ 6: ವಿಳಾಸ ಬದಲಾದರೆ

ಸ್ಟಾಟಿಕ್ ಐಪಿ ಇಲ್ಲದಿದ್ದರೆ ಹಾಸನದ ಸಾರ್ವಜನಿಕ ವಿಳಾಸ ಆಗಾಗ ಬದಲಾಗುತ್ತದೆ. ಡಕ್‌ಡಿಎನ್‌ಎಸ್‌ನಂಥ ಉಚಿತ ಡಿಡಿಎನ್‌ಎಸ್ ಸೇವೆಯಲ್ಲಿ ಒಂದು ಹೆಸರು ಪಡೆದು ಹಾಸನದ ರೂಟರಿನಲ್ಲಿ ಹಾಕಿ. ವಿಳಾಸ ಬದಲಾದಾಗೆಲ್ಲ ರೂಟರೇ ಆ ಹೆಸರಿನ ಮುಂದೆ ಹೊಸ ವಿಳಾಸ ಬರೆಯುತ್ತದೆ. ತೋಟದಲ್ಲಿ ಎಂಡ್‌ಪಾಯಿಂಟ್ ಖಾನೆಗೆ ಈ ಹೆಸರು.

ಇಲ್ಲೊಂದು ಹೊಂಡ ಇದೆ. ವೈರ್‌ಗಾರ್ಡ್ ಹೆಸರನ್ನು ವಿಳಾಸವಾಗಿ ಬದಲಿಸಿಕೊಳ್ಳುವುದು ಇಂಟರ್‌ಫೇಸ್ ಶುರುವಾಗುವಾಗ ಒಂದೇ ಸಲ. ಆಮೇಲೆ ಹಾಸನದ ವಿಳಾಸ ಬದಲಾದರೆ ತೋಟದ ರೂಟರ್ ಹಳೆಯ ವಿಳಾಸಕ್ಕೇ ಕೂಗುತ್ತಾ ಕೂರುತ್ತದೆ. ಓಪನ್‌ಡಬ್ಲ್ಯುಆರ್‌ಟಿಯ ವೈರ್‌ಗಾರ್ಡ್ ಪ್ಯಾಕೇಜ್ ಜೊತೆಗೇ ವಾಚ್‌ಡಾಗ್ ಎಂಬ ಸಣ್ಣ ಸ್ಕ್ರಿಪ್ಟ್ ಬರುತ್ತದೆ. ಶೆಡ್ಯೂಲ್ಡ್ ಟಾಸ್ಕ್ಸ್ ಪುಟದಲ್ಲಿ ಅದನ್ನು ನಿಮಿಷಕ್ಕೊಮ್ಮೆ ಓಡಿಸಿ. ಸುರಂಗ ಸತ್ತಿದೆ ಎಂದು ಕಂಡರೆ ಅದು ಹೆಸರನ್ನು ಮತ್ತೆ ಕೇಳಿ ನೋಡುತ್ತದೆ.

ಹಂತ 7: ಪರೀಕ್ಷೆ, ಇದೇ ಕ್ರಮದಲ್ಲಿ

ನೇರ ಎನ್‌ವಿಆರ್ ತೆರೆಯಲು ಹೋಗಿ "ಬರ್ತಿಲ್ಲ" ಎಂದು ಕೂರಬೇಡಿ. ಹಾಸನದ ಕಡೆಯಿಂದ ಒಂದೊಂದೇ ಮೆಟ್ಟಿಲು ಹತ್ತಿ.

1. ವೈರ್‌ಗಾರ್ಡ್ ಸ್ಟೇಟಸ್ ಪುಟದಲ್ಲಿ ಕೊನೆಯ ಹ್ಯಾಂಡ್‌ಶೇಕ್ ಎಷ್ಟು ಹೊತ್ತಿನ ಹಿಂದೆ ಆಯಿತೆಂದು ಇರುತ್ತದೆ. ಎರಡು ರೂಟರ್ ಒಂದನ್ನೊಂದು ಗುರುತಿಸುವುದೇ ಹ್ಯಾಂಡ್‌ಶೇಕ್. ಸುಮಾರು ಎರಡು ನಿಮಿಷಕ್ಕೊಮ್ಮೆ ಹೊಸದಾಗಬೇಕು. ಒಮ್ಮೆಯೂ ಆಗಿಲ್ಲವೆಂದರೆ ಕೀಲಿ ತಪ್ಪಿದೆ, ಇಲ್ಲವೇ ಪೋರ್ಟ್ ತಲುಪುತ್ತಿಲ್ಲ, ಇಲ್ಲವೇ ಹಂತ 1ರಲ್ಲಿ ನೋಡಿದ ಸಿಜಿನ್ಯಾಟ್.

2. 10.13.18.2ಕ್ಕೆ ಪಿಂಗ್ ಮಾಡಿ, ಅಂದರೆ "ಇದ್ದೀಯಾ" ಎಂದು ಕೇಳುವ ಸಣ್ಣ ಸಂದೇಶ ಕಳಿಸಿ. ಹ್ಯಾಂಡ್‌ಶೇಕ್ ಆಗಿ ಪಿಂಗ್ ಬರದಿದ್ದರೆ ಅಲೌಡ್ ಐಪಿಸ್ ಅಥವಾ ಫೈರ್‌ವಾಲ್ ವಲಯ ನೋಡಿ.

3. 192.168.18.1ಕ್ಕೆ ಪಿಂಗ್. ಇದು ಬರದಿದ್ದರೆ ರೂಟ್ ಅಲೌಡ್ ಐಪಿಸ್ ಗುರುತು ಬಿಟ್ಟಿದ್ದೀರಿ.

4. 192.168.18.20, ಅಂದರೆ ಎನ್‌ವಿಆರ್. ಮೂರನೆಯದು ಬಂದು ಇದು ಬರದಿದ್ದರೆ ತಪ್ಪು ಸುರಂಗದ್ದಲ್ಲ, ಎನ್‌ವಿಆರ್‌ನ ಗೇಟ್‌ವೇಯದ್ದು. ಅಲ್ಲಿರುವುದು ವಿಂಡೋಸ್ ಕಂಪ್ಯೂಟರ್ ಆದರೆ ಅದರ ಫೈರ್‌ವಾಲ್ ಪಕ್ಕದ ಸಾಲಿನವರನ್ನು ಬಿಡುವುದಿಲ್ಲ, ಅದರಲ್ಲಿ 192.168.13.0/24ಕ್ಕೆ ಅನುಮತಿ ಕೊಡಿ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ತೋಟದ ಕಂಪ್ಯೂಟರ್ ತಾನಾಗಿ ಕಾಣಿಸುತ್ತದೆಂದು ಕಾಯಬೇಡಿ. ಹಾಗೆ ಕಾಣಿಸುವ ಕೂಗುಗಳು ಒಂದು ಮನೆಯೊಳಗೆ ಮಾತ್ರ ಕೇಳಿಸುತ್ತವೆ. ವಿಳಾಸ ಟೈಪ್ ಮಾಡಿ ತೆರೆಯಿರಿ.

ಎಲ್ಲಕ್ಕೂ ಪಿಂಗ್ ಬರುತ್ತದೆ, ಲಾಗಿನ್ ಪುಟವೂ ತೆರೆಯುತ್ತದೆ, ವಿಡಿಯೊ ಮಾತ್ರ ಕಪ್ಪು. ಈ ಲಕ್ಷಣ ಕಂಡರೆ ಎಂಟಿಯು ನೋಡಿ. ಎಂಟಿಯು ಎಂದರೆ ಒಂದು ಸಲಕ್ಕೆ ಕಳಿಸಬಹುದಾದ ಪೊಟ್ಟಣದ ಗರಿಷ್ಠ ಗಾತ್ರ. ವೈರ್‌ಗಾರ್ಡ್ ತಾನಾಗಿ 1420 ಇಟ್ಟುಕೊಳ್ಳುತ್ತದೆ. ಯೂಸರ್ ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಸಂಪರ್ಕದಲ್ಲಿ ಹೊರದಾರಿಯೇ 1492. ವೈರ್‌ಗಾರ್ಡ್‌ನ ಹೊದಿಕೆಗೆ ಹೆಚ್ಚೆಂದರೆ 80 ಕಳೆದರೆ 1412. ಸಣ್ಣ ಪೊಟ್ಟಣ ದಾಟುತ್ತದೆ, ದೊಡ್ಡದು ದಾರಿಯಲ್ಲೇ ಉದುರಬಹುದು. ಎರಡೂ ತುದಿಯಲ್ಲಿ 1412 ಹಾಕಿ, 4ಜಿ ಇದ್ದರೆ 1380ಕ್ಕೆ ಇಳಿಸಿ ನೋಡಿ. ಫೈರ್‌ವಾಲ್ ವಲಯದಲ್ಲಿ ಎಂಎಸ್ಎಸ್ ಕ್ಲ್ಯಾಂಪಿಂಗ್ (ಪೊಟ್ಟಣ ದಾರಿಗೆ ಹಿಡಿಸುವಷ್ಟೇ ಇರುವಂತೆ ಮಾಡುವುದು) ಗುರುತನ್ನೂ ಹಾಕಿ.

ಕರೆಂಟ್ ಹೋಗಿ ಬಂದ ಮೇಲೆ ಸುರಂಗ ಏಳದಿದ್ದರೆ

ಮಲೆನಾಡಿನ ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ ಕಾಡುತ್ತದೆ, ಕಾರಣ ಮಾತ್ರ ಬಹಳ ಜನರಿಗೆ ಹೊಳೆಯುವುದಿಲ್ಲ. ಕಾರಣ ಗಡಿಯಾರ. ಹೆಚ್ಚಿನ ಮನೆ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಬಂದಾಗ ಯಾವುದೋ ಹಳೆಯ ದಿನಾಂಕದಿಂದ ಶುರುವಾಗುತ್ತದೆ. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ಗೂ ಸಮಯದ ಮುದ್ರೆ ಒತ್ತುತ್ತದೆ. ಹಳೆಯ ಸಂದೇಶ ಕದ್ದು ಮತ್ತೆ ಕಳಿಸುವ ಕಳ್ಳರನ್ನು ತಡೆಯಲು, ಹಿಂದೆ ಕಂಡದ್ದಕ್ಕಿಂತ ಹಳೆಯ ಮುದ್ರೆ ಬಂದರೆ ಎದುರು ತುದಿ ಸದ್ದಿಲ್ಲದೆ ಎಸೆಯುತ್ತದೆ. ತೋಟದ ರೂಟರ್ ನಿನ್ನೆಯ ದಿನಾಂಕದಲ್ಲಿ ಕೂಗಿದರೆ ಹಾಸನ ಕಿವಿಗೊಡುವುದಿಲ್ಲ. ಹಾಸನದ ರೂಟರ್ ಆಫ್ ಆನ್ ಮಾಡಿದರೆ "ಸರಿಹೋಗುತ್ತದೆ", ಏಕೆಂದರೆ ಕೊನೆಯ ಮುದ್ರೆಯನ್ನು ಅದು ಮರೆತಿರುತ್ತದೆ.

ಮದ್ದು ಇಷ್ಟೇ: ತೋಟದ ರೂಟರಿನಲ್ಲಿ ಎನ್‌ಟಿಪಿ, ಅಂದರೆ ಇಂಟರ್ನೆಟ್‌ನಿಂದ ಸಮಯ ಪಡೆಯುವ ವ್ಯವಸ್ಥೆ, ಆನ್ ಇರಬೇಕು. ಮತ್ತು ಅದರ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವ ಸರ್ವರ್, ಸುರಂಗದಾಚೆ ಇರಬಾರದು. ಡಿಎನ್‌ಎಸ್ ಹಾಸನದ ರೂಟರ್ ಎಂದು ಕೊಟ್ಟಿದ್ದರೆ ಸಮಯಕ್ಕೆ ಸುರಂಗ ಬೇಕು, ಸುರಂಗಕ್ಕೆ ಸಮಯ ಬೇಕು, ಎರಡೂ ಒಂದನ್ನೊಂದು ಕಾಯುತ್ತಾ ಕೂರುತ್ತವೆ.

ರೂಟರ್ ಮತ್ತು ಒಎನ್‌ಟಿ ಎರಡಕ್ಕೂ ಸಾಕಾಗುವ 12 ವೋಲ್ಟ್ ಸಣ್ಣ ಯುಪಿಎಸ್ ಹಾಕಿ. ಕೊಳ್ಳುವ ಮುನ್ನ ಎರಡೂ ಅಡಾಪ್ಟರ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಫೈಬರಿನ ಗಾಜಿನ ಎಳೆ ಹೆದರುವುದಿಲ್ಲ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಿಡಿಲು ಹೆಚ್ಚಾಗಿ ಬರುವುದು ಅಡಾಪ್ಟರ್ ಮೂಲಕ, ಇಲ್ಲವೇ ಕಣದ ಕಂಬದ ಕ್ಯಾಮೆರಾದಿಂದ ಒಳಗೆ ಬರುವ ಲ್ಯಾನ್ ಕೇಬಲ್ ಮೂಲಕ. ಮೋಡ ಕಟ್ಟಿದಾಗ ಆ ಎರಡನ್ನೂ ಕಳಚಿಡಿ.

ಎಲ್ಲ ಓಡತೊಡಗಿದ ದಿನವೇ ಎರಡೂ ರೂಟರಿನ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ. ಸಿಡಿಲಿಗೆ ರೂಟರ್ ಸುಟ್ಟರೆ ಅದೇ ಮಾದರಿಯ ಇನ್ನೊಂದಕ್ಕೆ ಓಪನ್‌ಡಬ್ಲ್ಯುಆರ್‌ಟಿ, ವೈರ್‌ಗಾರ್ಡ್ ಪ್ಯಾಕೇಜ್ ಹಾಕಿ ಈ ಫೈಲ್ ತುಂಬಿದರೆ ಸುರಂಗ ಮತ್ತೆ ಎದ್ದು ನಿಲ್ಲುತ್ತದೆ. ಪ್ರೈವೇಟ್ ಕೀ ಕೂಡ ಆ ಫೈಲ್‌ನೊಳಗೇ ಇರುತ್ತದೆ, ಆದ್ದರಿಂದ ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲೋ ತೋಟದ ರೈಟರ (ಲೆಕ್ಕ ಬರೆಯುವವರ) ಲ್ಯಾಪ್‌ಟಾಪ್‌ನಲ್ಲೋ ಬಿಡದೆ ಒಂದು ಪೆನ್‌ಡ್ರೈವ್‌ಗೆ ಹಾಕಿ ಮನೆಯ ಬೀರುವಿನಲ್ಲಿಡಿ.